ಬಲಮೂಲೆಯ ಚುಕ್ಕಿ

ಗೆರೆ ಮೇಡಂಗೆ ಕೋಪ ಬರಿಸುವುದು ಬಹಳ ಸುಲಭ. ಅವರ ಟೇಬಲ್ಲಿನ ಮುಂದೆ ನಿಂತು, ಮೇಡಂ, ಈ ಗ್ರಾಫನ್ನ ಸುಮ್ನೆ ಒಂದು ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿಬಿಡಿ ಸಾಕು, ಅಂದರಾಯಿತು. ಮೂಗಿನ ತುದಿಗೆ ಇಳಿದಿದ್ದ ಕನ್ನಡಕ ಹಣೆಗೇರುತ್ತದೆ, ಕೈಯಲ್ಲಿದ್ದ ಪೆನ್ಸಿಲ್ ಟೇಬಲ್ ಮೇಲೆ ಬೀಳುತ್ತದೆ. ಆಮೇಲೆ ಹೇಳಿದವರು ಪೂರ್ತಿ ಪಾಠ ಕೇಳಿಸಿಕೊಂಡೇ ಅಲ್ಲಿಂದ ಕದಲಬೇಕು. ಆ ಆರೋಗ್ಯ ಸಂಶೋಧನೆಯ ಆಫೀಸಿಗೆ ಹೊಸದಾಗಿ ಸೇರಿದವರನ್ನೆಲ್ಲ ಹಳಬರು ಬೇಕೆಂದೇ ಇದೇ ಮಾತು ಹೇಳಿಕೊಟ್ಟು ಕಳಿಸುತ್ತಿದ್ದರು. ಪಾಪ, ಅವರಿಗೇನು ಗೊತ್ತು! ಹೋಗಿ, ಉಗಿಸಿಕೊಂಡು, ಒಂದಿಷ್ಟು ಕಲಿತುಕೊಂಡು ಬರುತ್ತಿದ್ದರು.

ಅವರ ಕೋಪಕ್ಕೆ ಬೇರು ಇತ್ತು. ಅವರ ಅಪ್ಪ ಅಂಗಡಿ ಬೋರ್ಡು ಬರೆಯುವವರು. ಏಣಿಯ ಮೇಲೆ ನಿಂತು ಒಂದು ಅಕ್ಷರ ಬರೆದು, ಕೆಳಗಿಳಿದು, ರಸ್ತೆ ದಾಟಿ ಆಚೆ ಬದಿಗೆ ಹೋಗಿ ನೋಡಿ, ಮತ್ತೆ ಬಂದು ಏಣಿ ಹತ್ತುತ್ತಿದ್ದ ಆಸಾಮಿ. ಬಣ್ಣದ ಡಬ್ಬಿ ಹಿಡಿದು ನಿಂತಿರುತ್ತಿದ್ದ ಮಗಳಿಗೆ ಅವರು ಹೇಳಿಕೊಟ್ಟಿದ್ದು ಒಂದೇ: ಹತ್ತಿರ ನಿಂತವನಿಗೂ ಓದೋಕೆ ಬರಬೇಕು, ರಸ್ತೆ ಆಚೆ ನಿಂತವನಿಗೂ ಓದೋಕೆ ಬರಬೇಕು, ಇಲ್ಲದಿದ್ರೆ ಬಣ್ಣ ದಂಡ. ಮಗಳು ಬೋರ್ಡು ಬರೆಯಲು ಹೋಗಲಿಲ್ಲ. ನೀರು ಸರಬರಾಜು ಆಫೀಸಿನಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಮಸಿ ಪೆನ್ನಿನಿಂದ ಪೈಪುಗಳ ನಕ್ಷೆ ಬರೆಯುತ್ತ ಕೈ ಪಳಗಿಸಿಕೊಂಡರು. ನಡುಗದ ಗೆರೆ ಎಳೆಯುವುದರಲ್ಲಿ ಎತ್ತಿದ ಕೈ. ಆ ಹೆಸರು ಅಲ್ಲಿಂದ ಬಂದದ್ದು. ಕಂಪ್ಯೂಟರು ಬಂದು ಮಸಿ ಪೆನ್ನೆಲ್ಲ ಡ್ರಾಯರಿಗೆ ಸೇರಿದಾಗ ಜೊತೆಯವರು ಹಣೆ ಚಚ್ಚಿಕೊಂಡರು. ಇವರು ಮಾತ್ರ ಪೆನ್ನುಗಳನ್ನು ತೊಳೆದು ಒರೆಸಿಟ್ಟು, ಕಂಪ್ಯೂಟರಿನ ಮುಂದೆ ಕೂತು ಮೊದಲಿನಿಂದ ಕಲಿತರು. ಸಂಶೋಧನೆಯ ಆಫೀಸಿನವರು ಕರೆದಾಗ ಇಲ್ಲಿಗೆ ಬಂದರು. ಇಲ್ಲಿ ಅವರ ಕೆಲಸ, ಲೆಕ್ಕದವರು ಕೊಟ್ಟ ಅಂಕಿಗಳನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿ ಅಚ್ಚಿಗೆ ಕಳಿಸುವುದು.

ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟು ಕಳಿಸಿದ್ದಾರೆ, ನಿಜ ಯಾವುದೋ ಅವರಿಗೇ ಗೊತ್ತು. ಅಕ್ಕನ ಮನೆಯ ಮಹಡಿ ಮೇಲಿನ ಒಂದು ಕೋಣೆಯಲ್ಲಿ ವಾಸ. ಕೆಳಗೆ ಅಕ್ಕ, ಭಾವ, ಅವರ ಒಬ್ಬಳೇ ಮಗಳು. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ದಿನಾ ಸಂಜೆ ಆ ಮೆಟ್ಟಿಲ ಮೇಲೆ ಧಡಧಡ ಸದ್ದಾದರೆ ಭಾವ ಎರಡು ಲೋಟ ಟೀ ಹಿಡಿದು ಬರುತ್ತಿದ್ದಾರೆ ಅಂತ ಅರ್ಥ. ಟೀ ತುಳುಕಿ ಅರ್ಧ ಮೆಟ್ಟಿಲಿಗೇ ಅಭಿಷೇಕವಾಗಿರುತ್ತಿತ್ತು, ಅದು ಬೇರೆ ಮಾತು.

ಭಾವ ನೂಲಿನ ಗಿರಣಿಯಲ್ಲಿ ಹತ್ತಿ ಹಿಂಜುವ ಹಾಲಿನಲ್ಲಿ ದುಡಿದವರು. ಆ ಹಾಲಿನಲ್ಲಿ ಹತ್ತಿಯ ಧೂಳು ಎಷ್ಟೆಂದರೆ, ಕೆಲಸ ಮುಗಿಸಿ ಹೊರಗೆ ಬಂದವರ ಹುಬ್ಬೆಲ್ಲ ಬಿಳಿ. ಭಾವ ಅದನ್ನೂ ತಮಾಷೆ ಮಾಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಿನ್ನ ಅಕ್ಕ ನನ್ನ ನೋಡಿ ಯಾರೋ ಮುದುಕ ಬಂದ ಅಂತ ಬಾಗಿಲು ಹಾಕ್ಕೊಂಡಿದ್ಲು, ಅನ್ನುತ್ತಿದ್ದರು. ಕೆಮ್ಮು ಬಂದರೆ ಮಾತು ನಿಲ್ಲಿಸಿ, ಕೈ ಮೇಲೆತ್ತಿ, ತಡಿ ತಡಿ ಅಂತ ಸನ್ನೆ ಮಾಡಿ, ಕೆಮ್ಮು ಮುಗಿದ ಮೇಲೆ ತಮಾಷೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು.

ಊರಿನ ಗಿರಣಿಗಳಲ್ಲಿ ದುಡಿಯುವವರ ಉಸಿರನ್ನು ಅಳೆಯುವ ಕೆಲಸವನ್ನು ಗೆರೆ ಮೇಡಂ ಅವರ ಆಫೀಸೇ ಕೈಗೆತ್ತಿಕೊಂಡಿತು. ನರ್ಸಮ್ಮ ಒಬ್ಬರು ತಮ್ಮ ತಂಡದೊಂದಿಗೆ ಕೊಳವೆಯ ಯಂತ್ರ ಹಿಡಿದು ಗಿರಣಿಯಿಂದ ಗಿರಣಿಗೆ ತಿರುಗಿದರು. ಒಂದೇ ಉಸಿರಿಗೆ ಎಷ್ಟು ಗಾಳಿ ಹೊರಗೆ ಹಾಕಬಲ್ಲಿರಿ, ಊದಿ ತೋರಿಸಿ. ಗಿರಣಿಯವರನ್ನಷ್ಟೇ ಅಲ್ಲ, ಹೋಲಿಸಿ ನೋಡುವುದಕ್ಕೆ ಅಂಗಡಿಯವರು, ಬಸ್ಸಿನವರು, ಮನೆಯಲ್ಲಿರುವವರು, ಎಲ್ಲರ ಕೈಯಲ್ಲೂ ಊದಿಸಿದರು. ವರ್ಷಗಟ್ಟಲೆ ನಡೆಯಿತು ಈ ಊದಾಟ. ಭಾವನೂ ಊದಿದರು. ಆವತ್ತು ಸಂಜೆ ಟೀ ಹಿಡಿದು ಮೆಟ್ಟಿಲು ಹತ್ತಿ ಬಂದು, ಬಂದ ಅಂಕಿಯನ್ನು ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಹಲ್ಲು ಬಿಡುತ್ತ ನಾದಿನಿಗೆ ಹೇಳಿದರು. ಗೆರೆ ಮೇಡಂ ನಗಲಿಲ್ಲ. ಆ ಅಂಕಿ ಎಷ್ಟು ಕೆಳಗಿನದು ಎಂದು ಅವರಿಗೆ ಗೊತ್ತಿತ್ತು.

ಇಷ್ಟರಲ್ಲಿ ಭಾವನ ಮಗಳು, ನಮ್ಮ ಮೇಡಂ ಎತ್ತಿ ಆಡಿಸಿದ ಹುಡುಗಿ, ಅದೇ ಗಿರಣಿಯ ಅದೇ ಹಿಂಜುವ ಹಾಲಿಗೆ ಕೆಲಸಕ್ಕೆ ಸೇರಿದಳು. ಬೇಡ ಅಂದರೆ ಕೇಳಲಿಲ್ಲ. ಬೇರೆ ಕಡೆ ಕೆಲಸ ಎಲ್ಲಿದೆ ತೋರಿಸು ಚಿಕ್ಕಮ್ಮ, ಅಂದಳು. ಮೊದಲ ದಿನ ಹುಬ್ಬು ಬಿಳಿ ಮಾಡಿಕೊಂಡು ಬಂದ ಮಗಳನ್ನು ನೋಡಿ, ಭಾವ ಆ ಮುದುಕನ ತಮಾಷೆ ಎತ್ತಲಿಲ್ಲ, ಟವೆಲು ತಂದು ಅವಳ ಹುಬ್ಬು ಒರೆಸಿದರು.

ಹಿಂಜುವ ಹಾಲಿಗೆ ಧೂಳು ಎಳೆಯುವ ಫ್ಯಾನುಗಳನ್ನು ಹಾಕಿಸಬೇಕೋ ಬೇಡವೋ, ಹಾಕಿಸುವವರೆಗೆ ಹಾಲನ್ನು ಮುಚ್ಚಿಸಬೇಕೋ ಅಂತ ತೀರ್ಮಾನ ಮಾಡಲು ಊರಾಡಳಿತ ಒಂದು ಸಮಿತಿ ಮಾಡಿತು. ಸಮಿತಿಯ ಮುಂದೆ ಆಫೀಸು ತನ್ನ ವರದಿ ಇಡಬೇಕು. ವರದಿಯ ಜೀವ ಅಂದರೆ ಒಂದೇ ಒಂದು ಗ್ರಾಫು. ಅಡ್ಡಕ್ಕೆ, ಗಿರಣಿಯ ಧೂಳಿನಲ್ಲಿ ದುಡಿದ ವರ್ಷಗಳು. ಉದ್ದಕ್ಕೆ, ಊದಿದ ಗಾಳಿ. ಒಬ್ಬೊಬ್ಬರು ಊದಿದ ಒಂದೊಂದು ಸಲಕ್ಕೂ ಒಂದೊಂದು ಚುಕ್ಕಿ. ನಡುವೆ ಒಂದು ಗೆರೆ. ಅದರ ಕೆಳಗೆ ಬಿದ್ದವರ ಎದೆ ಕೆಟ್ಟಿದೆ ಅಂತ ಲೆಕ್ಕ. ಲೆಕ್ಕದ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಮೆದು ಮಾತಿನ ಮನುಷ್ಯ, ಕೆಲಸದಲ್ಲಿ ಬಲು ಗಟ್ಟಿ. ಅವರು ಅಂಕಿಗಳನ್ನು ತಂದುಕೊಟ್ಟು, ಇನ್ನು ನಿಮ್ಮ ಕೈಲಿದೆ ಮೇಡಂ, ಅಂದು ಹೋದರು.

ಲಕ್ಷಗಟ್ಟಲೆ ಚುಕ್ಕಿಗಳು. ಮೇಲೆ, ಎಡಗಡೆ, ಒಂದರ ಮೇಲೊಂದು ಬಿದ್ದು ಕಪ್ಪು ಮೋಡ. ಬಲಗಡೆ ಕೆಳಗೆ, ಗೆರೆಯ ಅಡಿಯಲ್ಲಿ, ಅಲ್ಲೊಂದು ಇಲ್ಲೊಂದು ಒಂಟಿ ಚುಕ್ಕಿ. ಅವೆಲ್ಲ ಹಿಂಜುವ ಹಾಲಿನಲ್ಲಿ ಬಹಳ ವರ್ಷ ದುಡಿದವರವು. ಅಷ್ಟು ವರ್ಷ ಅಲ್ಲಿ ತಾಳಿಕೊಂಡವರೇ ಕಡಿಮೆಯಾದ್ದರಿಂದ ಚುಕ್ಕಿಗಳೂ ಕಡಿಮೆ. ಹೆಸರಿರಲಿಲ್ಲ, ಯಾವ ಚುಕ್ಕಿ ಯಾರದು ಎಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆದರೆ ಗೆರೆ ಮೇಡಂಗೆ ಒಂದು ಗೊತ್ತಿತ್ತು. ಭಾವ ದುಡಿದ ವರ್ಷ ಗೊತ್ತು, ಊದಿದ ಅಂಕಿ ಅವರ ಬಾಯಿಂದಲೇ ಕೇಳಿದ್ದು. ಕಣ್ಣು ತಾನಾಗಿ ಬಲಮೂಲೆಗೆ ಹೋಯಿತು. ಅಲ್ಲಿತ್ತು, ಸುತ್ತ ಯಾರೂ ಇಲ್ಲದೆ.

ಈಗ ತೊಡಕು ಶುರುವಾಯಿತು. ಕಂಪ್ಯೂಟರಿನಲ್ಲಿ ಚಿತ್ರ ಇಡುವುದಕ್ಕೆ ಎರಡು ದಾರಿ. ಒಂದು, ಇಡೀ ಚಿತ್ರವನ್ನು ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ ಸಣ್ಣ ಸಣ್ಣ ಬಣ್ಣದ ಚೌಕಗಳಾಗಿ ಹಾಸಿಬಿಡುವುದು. ಅದಕ್ಕೆ ಬಿಟ್‌ಮ್ಯಾಪ್ ಅನ್ನುತ್ತಾರೆ. ಫೈಲು ಹಗುರ, ಆದರೆ ದೊಡ್ಡದು ಮಾಡಿ ನೋಡಿದರೆ ಅಕ್ಷರದ ಅಂಚೆಲ್ಲ ಹಲ್ಲು ಹಲ್ಲು. ಇನ್ನೊಂದು, ಚಿತ್ರವನ್ನು ಇಡದೆ, ಬರೆಯುವ ಕ್ರಮವನ್ನು ಇಡುವುದು: ಇಲ್ಲಿಂದ ಅಲ್ಲಿಗೆ ಗೆರೆ ಎಳಿ, ಇಲ್ಲೊಂದು ಚುಕ್ಕಿ ಇಡು, ಅಲ್ಲೊಂದು ಅಕ್ಷರ ಬರಿ. ಅದು ವೆಕ್ಟರ್. ತೆರೆದಾಗಲೆಲ್ಲ ಕಂಪ್ಯೂಟರು ಮೊದಲಿನಿಂದ ಬರೆದುಕೊಳ್ಳುತ್ತದೆ, ಎಷ್ಟು ಹಿಗ್ಗಿಸಿದರೂ ಅಂಚು ಕೆಡುವುದಿಲ್ಲ. ಗೆರೆ ಮೇಡಂಗೆ ವೆಕ್ಟರ್ ಅಂದರೆ ಪ್ರಾಣ. ಅದು ಅವರ ಹಳೆಯ ಮಸಿ ಪೆನ್ನಿನ ಸ್ವಂತ ತಂಗಿ. ಆದರೆ ಲಕ್ಷಗಟ್ಟಲೆ ಚುಕ್ಕಿ ಒಂದೊಂದಾಗಿ ಬರೆಯಬೇಕು ಅಂದರೆ ಯಾವ ಕಂಪ್ಯೂಟರು ತಾನೇ ತಾಳೀತು? ಮೇಷ್ಟ್ರು ಫೈಲು ತೆರೆದರು. ಪರದೆ ಬೆಳ್ಳಗಾಗಿ ನಿಂತುಬಿಟ್ಟಿತು. ಪ್ರೆಸ್ಸಿನವನು ಫೋನು ಮಾಡಿ, ಏನು ಮೇಡಂ ಕಳಿಸಿದ್ದೀರಿ, ನನ್ನ ಮಿಷನ್ನು ಜಪ್ಪಯ್ಯ ಅಂದರೂ ಏಳ್ತಾ ಇಲ್ಲ, ಎಂದು ಗೋಳಾಡಿದ. ಇನ್ನು ಸಮಿತಿಯವರ ಹಳೆಯ ಕಂಪ್ಯೂಟರುಗಳಲ್ಲಿ ಅದು ತೆರೆಯುವ ಮಾತೆಲ್ಲಿ.

ಹಲ್ಲು ಕಚ್ಚಿಕೊಂಡು ಇಡೀ ಗ್ರಾಫನ್ನು ಬಿಟ್‌ಮ್ಯಾಪ್ ಮಾಡಿದರು. ಅದನ್ನು ಮನೆಗೆ ತಂದು ಭಾವನಿಗೂ ತೋರಿಸಿದರು. ಭಾವ ಹಿಂದೊಮ್ಮೆ ಕಂಪ್ಯೂಟರಿನ ಪರದೆಯಲ್ಲಿ ಗ್ರಾಫು ಕಂಡು, ಇದರಲ್ಲಿ ನಾನೆಲ್ಲಿದ್ದೀನಮ್ಮ ಎಂದು ಕೇಳಿ, ತಮ್ಮ ಚುಕ್ಕಿಯನ್ನು ನೋಡಿ, ಇಷ್ಟು ವರ್ಷ ಗೇಯ್ದಿದ್ದಕ್ಕೆ ಒಂದು ಸೊಳ್ಳೆ ಗಾತ್ರ ಜಾಗ ಕೊಟ್ಟಿದ್ದೀಯಲ್ಲ, ಪರವಾಗಿಲ್ಲ, ಅಂದಿದ್ದರು. ಈಗ ಕನ್ನಡಕ ಹಾಕಿಕೊಂಡು ಪುಟದ ಗಾತ್ರಕ್ಕೆ ಕುಗ್ಗಿಸಿದ ಗ್ರಾಫನ್ನು ನೋಡಿದರು. ಹತ್ತಿರ ಹಿಡಿದರು, ದೂರ ಹಿಡಿದರು.

"ನಾನು ಕಾಣ್ತಾ ಇಲ್ವಲ್ಲಮ್ಮ."

ಕಾಣುತ್ತಿರಲಿಲ್ಲ, ನಿಜ. ಚಿತ್ರ ಕುಗ್ಗಿಸಿದಾಗ ಮೋಡ ಮೋಡವಾಗಿಯೇ ಉಳಿಯಿತು. ಒಂಟಿ ಚುಕ್ಕಿಗಳು ಮಾತ್ರ ಸುತ್ತಲಿನ ಬಿಳಿಯ ಜೊತೆ ಬೆರೆತು, ಬೂದು ಬಣ್ಣಕ್ಕೆ ತಿರುಗಿ, ಮಾಯವಾಗಿದ್ದವು. ಗುಂಪಿನಲ್ಲಿದ್ದವರಿಗೆ ಏನೂ ಆಗಲಿಲ್ಲ, ಒಂಟಿಯಾಗಿದ್ದವರು ಅಳಿಸಿಹೋದರು. ಯಾವ ಚುಕ್ಕಿಗಳಿಗೋಸ್ಕರ ಇಡೀ ವರದಿ ಬರೆದದ್ದೋ ಅವೇ ಇಲ್ಲ. ಈ ಹಾಳೆ ಸಮಿತಿಯ ಮುಂದೆ ಹೋದರೆ, ನೋಡಿ ಎಲ್ಲರ ಉಸಿರೂ ಗೆರೆಯ ಮೇಲೇ ಇದೆ ಅಂತ ಗಿರಣಿಯವರು ಕೈ ತೊಳೆದುಕೊಳ್ಳುತ್ತಾರೆ, ಅಕ್ಕನ ಮಗಳು ಅದೇ ಧೂಳಿನಲ್ಲಿ ಇರುತ್ತಾಳೆ.

ಮುಂದಿನ ಕೆಲವು ದಿನ ಆಫೀಸಿನಲ್ಲಿ ಯಾರೂ ಅವರ ಟೇಬಲ್ಲಿನ ಹತ್ತಿರ ಸುಳಿಯಲಿಲ್ಲ. ಕೊನೆಗೆ ಅವರು ಮಾಡಿದ್ದು ಎರಡನ್ನೂ ಬೆರೆಸುವ ಕೆಲಸ. ಎಲ್ಲಿ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಮೋಡವಾಗಿವೆಯೋ ಅದಷ್ಟನ್ನೂ ಬಿಟ್‌ಮ್ಯಾಪ್ ಮಾಡಿ ಅಡಿಯಲ್ಲಿ ಹಾಸಿದರು. ಅದರ ಮೇಲೆ ಗೆರೆಗಳು, ಅಂಕಿಗಳು, ಅಕ್ಷರಗಳು ಎಲ್ಲ ವೆಕ್ಟರ್. ಸುತ್ತ ಬೇರೆ ಚುಕ್ಕಿ ಇಲ್ಲದೆ ನಿಂತ ಒಂಟಿ ಚುಕ್ಕಿಗಳೂ ವೆಕ್ಟರ್, ಗಾತ್ರ ಮಾತ್ರ ಮೋಡದ ಚುಕ್ಕಿಗಳದ್ದೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಇದರಲ್ಲಿ ಅವರು ಬಲು ಕಟ್ಟುನಿಟ್ಟು. ಒಂಟಿ ಅಂದರೆ ಒಂಟಿ, ಗೆರೆಯ ಕೆಳಗಿದ್ದರೂ ಸರಿ, ಮೇಲಿದ್ದರೂ ಸರಿ. ಎಲ್ಲರಿಗಿಂತ ಮೇಲೆ, ತಲೆಯ ತುದಿಯಲ್ಲಿ, ಗಿರಣಿಯಲ್ಲೇ ಬಹಳ ವರ್ಷ ದುಡಿದ ಒಬ್ಬ ಪುಣ್ಯಾತ್ಮನ ಚುಕ್ಕಿ ಏಕಾಂಗಿಯಾಗಿ ನಿಂತಿತ್ತು. ಅದು ಕೆಲಸ ಮುಗಿಸಿ ಬ್ಯಾಂಡಿನಲ್ಲಿ ತುತ್ತೂರಿ ಊದುವವನದೇ ಇರಬೇಕು ಎಂದು ಆಫೀಸಿನವರೆಲ್ಲ ನಗುತ್ತಿದ್ದರು. ಅದನ್ನೂ ಅಷ್ಟೇ ಮುತುವರ್ಜಿಯಿಂದ ಬರೆದರು. ಪದರಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ, ಒಂದಿಷ್ಟೂ ಜಾರಿಲ್ಲವೇ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಫೈಲು ಹೂವಿನಂತೆ ಹಗುರ. ಯಾವ ಮುದಿ ಕಂಪ್ಯೂಟರಿನಲ್ಲೂ ಥಟ್ಟನೆ ತೆರೆಯಿತು. ಅಚ್ಚು ಹಾಕಿಸಿದ ಹಾಳೆಯನ್ನು ಗೋಡೆಗೆ ಅಂಟಿಸಿ, ಕಾರಿಡಾರಿನ ಆ ತುದಿಗೆ ಹೋಗಿ ನಿಂತು ನೋಡಿದರು. ಬಲಮೂಲೆಯ ಚುಕ್ಕಿಗಳು ಅಲ್ಲಿಂದಲೂ ಕಂಡವು.

ನೋಡಿ, ಇಂಥ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ. ಸರಿಯಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅದೇ ಅದರ ಗತಿ. ಮೇಷ್ಟ್ರು ಒಬ್ಬರೇ ಬಹಳ ಹೊತ್ತು ನೋಡಿ, ಚೆನ್ನಾಗಿ ಬಂದಿದೆ ಅಂದರು. ಆಮೇಲೆ ತಲೆ ಕೆರೆದುಕೊಂಡು, ಮೋಡ ಒಂದು ಥರ, ಒಂಟಿ ಚುಕ್ಕಿ ಇನ್ನೊಂದು ಥರ ಇಟ್ಟಿದ್ದೀರಲ್ಲ, ಚಿತ್ರದ ಕೆಳಗೆ ಒಂದು ಸಾಲು ಬರೆದುಬಿಡೋಣವಾ ಅಂತ ಕೇಳಿದರು. ಗೆರೆ ಮೇಡಂ ಒಪ್ಪಲಿಲ್ಲ. ಚಿತ್ರದ ಕೆಳಗೆ ಉದ್ದುದ್ದ ಬರೆಯುವುದು ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. ಅಡುಗೆ ಮಾಡಿ ಬಡಿಸಿದ ಮೇಲೆ ಒಲೆ ಹೇಗೆ ಹಚ್ಚಿದೆ ಅಂತ ಯಾರಾದರೂ ಹೇಳ್ತಾರಾ ಮೇಷ್ಟ್ರೇ, ಅಂತ ಅವರ ಬಾಯಿ ಮುಚ್ಚಿಸಿದರು. ಮೇಷ್ಟ್ರು ನಕ್ಕು ಸುಮ್ಮನಾದರು.

ಸಮಿತಿ ಸೇರಿದ್ದು ಊರಾಡಳಿತದ ದೊಡ್ಡ ಹಾಲಿನಲ್ಲಿ, ಮಧ್ಯಾಹ್ನ. ಕಿಟಕಿಗಳಿಗೆ ಪರದೆ ಎಳೆದು, ಎದುರು ಗೋಡೆಯ ಮೇಲೆ ವರದಿಯ ಪುಟಗಳನ್ನು ಬೆಳಕಿನಲ್ಲಿ ತೋರಿಸುತ್ತಿದ್ದರು. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಮಾತಿಗೆ ಮುಂಚೆ ಪೆನ್ನಿನ ಮುಚ್ಚಳ ತೆಗೆಯುವ, ಮಾತಾದ ಮೇಲೆ ಹಾಕುವ ಅಭ್ಯಾಸದವರು. ಒಂದು ಬದಿಗೆ ಗಿರಣಿಯ ವಕೀಲರು. ಇನ್ನೊಂದು ಬದಿಗೆ ಮೇಷ್ಟ್ರು, ಗೆರೆ ಮೇಡಂ, ಮತ್ತು ಊದುವುದು ಹೇಗೆ ಅಂತ ತೋರಿಸಲು ಯಂತ್ರ ತಂದಿದ್ದ ನರ್ಸಮ್ಮ. ಹಿಂದಿನ ಬೆಂಚುಗಳಲ್ಲಿ ಗಿರಣಿಯ ಜನ. ಭಾವನೂ ಬಂದಿದ್ದರು. ಮಗಳು ತೋಳು ಹಿಡಿದು ಕರೆತಂದಿದ್ದಳು, ಯಾಕೆಂದರೆ ಉಸಿರು ಅಳೆದ ಮೇಲಿನ ಎರಡು ವರ್ಷಗಳಲ್ಲಿ ಭಾವ ಬಹಳ ಇಳಿದುಹೋಗಿದ್ದರು. ಕಬ್ಬಿಣದ ಮೆಟ್ಟಿಲ ಮೇಲೆ ಈಗ ಧಡಧಡ ಸದ್ದಿಲ್ಲ. ಸಂಜೆ ಕೆಳಗಿನಿಂದಲೇ ಲೋಟಕ್ಕೆ ಚಮಚ ಬಡಿದು ನಾದಿನಿಯನ್ನು ಕರೆಯುತ್ತಿದ್ದರು.

ಮೇಷ್ಟ್ರು ಗ್ರಾಫನ್ನು ವಿವರಿಸಿದರು. ಬಲಮೂಲೆ ತೋರಿಸಿದರು. ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದು ಏನೋ ಬರೆದುಕೊಂಡರು. ಗೆರೆ ಮೇಡಂಗೆ, ಅಬ್ಬಾ, ಕಂಡಿತಲ್ಲ ಅನ್ನಿಸಿತು.

ಆಗ ವಕೀಲರು ಎದ್ದರು. ದಡ್ಡ ಅಲ್ಲ ಆ ಮನುಷ್ಯ, ವರದಿಯನ್ನು ಸಾಲು ಸಾಲು ಓದಿಕೊಂಡೇ ಬಂದಿದ್ದರು. ಗ್ರಾಫನ್ನು ಇನ್ನೂ ದೊಡ್ಡದು ಮಾಡಿ ತೋರಿಸಲು ಹೇಳಿದರು. ಇನ್ನೂ ದೊಡ್ಡದು. ಇನ್ನೂ. ಗೋಡೆಯ ತುಂಬ ಚುಕ್ಕಿಗಳು ಹಿಗ್ಗಿದವು. ಮೋಡದ ಅಂಚಿನ ಚುಕ್ಕಿಗಳು ಒಡೆದು, ಮಸುಕಾಗಿ, ಬರೀ ಚೌಕಗಳ ರಾಶಿಯಾದವು. ಪಕ್ಕದಲ್ಲೇ, ಗೆರೆಯ ಕೆಳಗಿನ ಒಂಟಿ ಚುಕ್ಕಿಗಳು ಮಾತ್ರ ಆಗ ತಾನೇ ಇಟ್ಟ ಹಾಗೆ ದುಂಡಗೆ, ಕಪ್ಪಗೆ, ಅಂಚು ಚೂರೂ ಕೆಡದೆ ನಿಂತಿದ್ದವು.

"ಮಿಕ್ಕ ಚುಕ್ಕಿಗಳೆಲ್ಲ ಒಂದು ಥರ, ಇವು ಒಂದು ಥರ. ಇವನ್ನ ಆಮೇಲೆ ಸೇರಿಸಿದ್ದಾರೆ ಅಂತ ನಾನು ಹೇಳಬೇಕಾಗಿಲ್ಲ, ಗೋಡೆನೇ ಹೇಳ್ತಾ ಇದೆ," ಅಂದರು ವಕೀಲರು.

ಹಾಲಿನಲ್ಲಿ ಗುಜುಗುಜು ಶುರುವಾಯಿತು. ಅಂಕಿಯ ಬಗ್ಗೆ ಕೇಳಿದ್ದರೆ ಅವರು ಗಂಟೆಗಟ್ಟಲೆ ನಿಂತು ಉತ್ತರ ಕೊಡುತ್ತಿದ್ದರು. ಇದು ಅಂಕಿಯ ಮಾತಲ್ಲ. ಅವರು ಗೆರೆ ಮೇಡಂ ಕಡೆ ತಿರುಗಿದರು. ಅಳಿಸಿಹೋಗಬಾರದು ಅಂತ ಯಾವುದನ್ನು ಅಷ್ಟು ಜೋಪಾನ ಮಾಡಿದರೋ, ಅದೇ ಜೋಪಾನ ಈಗ ಅವನ್ನು ಸುಳ್ಳು ಮಾಡುತ್ತಿತ್ತು. ಹಿಂದಿನ ಬೆಂಚಿನಿಂದ ಅಕ್ಕನ ಮಗಳು ಚಿಕ್ಕಮ್ಮನನ್ನೇ ನೋಡುತ್ತಿದ್ದಳು. ಆ ಕಣ್ಣು ತಪ್ಪಿಸಲು ಆಗಲಿಲ್ಲ.

ಗೆರೆ ಮೇಡಂ ಎದ್ದು ನಿಂತರು. ಧ್ವನಿ ಗೆರೆ ಎಳೆಯುವ ಕೈಯ ಹಾಗೆ ಸ್ಥಿರವಾಗಿತ್ತು. ಚೌಕ ಹಾಸುವುದು ಅಂದರೇನು, ಬರೆಯುವ ಕ್ರಮ ಇಡುವುದು ಅಂದರೇನು, ಎಲ್ಲವನ್ನೂ ಬರೆದಿದ್ದರೆ ಫೈಲು ತೆರೆಯುತ್ತಿರಲಿಲ್ಲ, ಎಲ್ಲವನ್ನೂ ಹಾಸಿದ್ದರೆ ಒಂಟಿಗಳು ಅಳಿಸಿಹೋಗುತ್ತಿದ್ದವು, ಅದಕ್ಕೆ ಎರಡೂ ಬೆರೆಸಿದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಚಿತ್ರವನ್ನು ಮೇಲಕ್ಕೆ ಸರಿಸಿ ತೋರಿಸಲು ಕೇಳಿದರು. ಎಲ್ಲಕ್ಕಿಂತ ಮೇಲೆ, ಆ ತುತ್ತೂರಿಯವನ ಚುಕ್ಕಿ ಗೋಡೆಯ ಮೇಲೆ ಬಂತು. ಅದೂ ದುಂಡಗೆ, ಕಪ್ಪಗೆ, ಅಷ್ಟೇ ಚೊಕ್ಕಟ. ಸೇರಿಸುವುದಾಗಿದ್ದರೆ ಗಿರಣಿಗೆ ಅನುಕೂಲವಾಗುವ ಈ ಚುಕ್ಕಿಯನ್ನ ನಾನೇಕೆ ಸೇರಿಸಲಿ ಸ್ವಾಮಿ, ಅಂತ ವಕೀಲರನ್ನೇ ಕೇಳಿದರು.

ಅಧ್ಯಕ್ಷೆ ಗೋಡೆಯನ್ನು ನೋಡಿ ತಲೆಯಾಡಿಸಿದರು. ಆದರೆ ವಕೀಲರು ಸುಲಭಕ್ಕೆ ಬಿಡುವ ಗಿರಾಕಿಯಲ್ಲ. ಹಾಗಿದ್ದರೆ ಇದನ್ನೆಲ್ಲ ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಯಾಕೆ ಬರೆದಿಲ್ಲ ಎಂದು ಕೇಳಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಗೆರೆ ಮೇಡಂ ಅವರನ್ನು ತಡೆದರು.

"ಮೇಷ್ಟ್ರು ಬರೀರಿ ಅಂದಿದ್ರು. ಚಿತ್ರದ ಅಂದ ಕೆಡುತ್ತೆ ಅಂತ ನಾನೇ ಬೇಡ ಅಂದೆ. ಅದು ನನ್ನ ತಪ್ಪು. ಆದ್ರೆ ಚುಕ್ಕಿ ಸುಳ್ಳಲ್ಲ."

ಮತ್ತೆ ಗುಜುಗುಜು. ಒಬ್ಬರಿಗೆ ನಂಬಿಕೆ, ಇನ್ನೊಬ್ಬರಿಗೆ ಅನುಮಾನ. ಸಮಿತಿಯವರು ತಲೆ ತಲೆ ಕೂಡಿಸಿ ಪಿಸುಗುಟ್ಟಿದರು. ವಕೀಲರು ತಮ್ಮ ಕಡೆಗೆ ವಾಲಿದ ಗಾಳಿಯನ್ನು ಬಿಡದೆ, ಹೋಗಲಿ, ಆ ಬಲಮೂಲೆಯಲ್ಲಿದೆಯಲ್ಲ, ಅಷ್ಟು ಕೆಳಗೆ, ಅಂಥ ಮನುಷ್ಯ ಒಬ್ಬ ನಿಜವಾಗಿ ಇದ್ದಾನೆ ಎಂದು ಯಾರಿಗೆ ಗೊತ್ತು ಅಂದರು.

ಹಿಂದಿನ ಬೆಂಚು ಕಿರುಗುಟ್ಟಿತು. ಭಾವ ಎದ್ದು ನಿಂತಿದ್ದರು. ಮಗಳು ತೋಳು ಹಿಡಿಯಲು ಹೋದಳು, ಬೇಡ ಅಂದರು. ಬೆಂಚುಗಳ ನಡುವಿನ ದಾರಿಯಲ್ಲಿ ನಿಧಾನವಾಗಿ, ಅಲ್ಲಲ್ಲಿ ನಿಂತು ಸುಧಾರಿಸಿಕೊಂಡು, ಮುಂದಿನ ಟೇಬಲ್ಲಿನವರೆಗೆ ನಡೆದು ಬಂದರು. ಅಷ್ಟು ದೂರ ನಡೆದದ್ದಕ್ಕೆ ಅವರ ಎದೆಯಿಂದ ಏಳುತ್ತಿದ್ದ ಸದ್ದು ಎಲ್ಲರಿಗೂ ಕೇಳುತ್ತಿತ್ತು.

"ಅದು ನಾನು," ಅಂದರು ಭಾವ, ಗೋಡೆಯ ಕಡೆ ಬೆರಳು ತೋರಿಸಿ. "ಇವಳು ನನ್ನ ನಾದಿನಿ, ಅದನ್ನೂ ಬರ್ಕೊಳ್ಳಿ, ಆಮೇಲೆ ಮುಚ್ಚಿಟ್ರು ಅನ್ಬೇಡಿ. ನಾದಿನಿ ಅಂತ ಅವಳೇನೂ ನನಗೆ ದೊಡ್ಡ ಚುಕ್ಕಿ ಕೊಟ್ಟಿಲ್ಲ. ಆ ಕೊಳವೆ ಇಲ್ಲಿ ಕೊಡಿ, ಇನ್ನೊಂದ್ಸಲ ಊದ್ತೀನಿ."

ನರ್ಸಮ್ಮ ಅಧ್ಯಕ್ಷೆಯ ಮುಖ ನೋಡಿದರು. ಅಧ್ಯಕ್ಷೆ, ಇದು ದಾಖಲೆಗೆ ಸೇರುವುದಿಲ್ಲ, ಆದರೆ ನಾನು ನೋಡಬೇಕು ಅಂದರು. ಗೆರೆ ಮೇಡಂ, ಬೇಡ ಭಾವ, ಅಂತ ಮೆಲ್ಲಗೆ ಅಂದರು. ಭಾವ ಕೇಳಿಸದವರ ಹಾಗೆ ಕೊಳವೆ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ, ಭುಜ ಮೇಲೆತ್ತಿ, ಇದ್ದದ್ದನ್ನೆಲ್ಲ ಸೇರಿಸಿ ಊದಿದರು. ಅರ್ಧಕ್ಕೇ ಕೆಮ್ಮು ಬಂತು. ಹಳೇ ಅಭ್ಯಾಸದಂತೆ ಕೈ ಮೇಲೆತ್ತಿ, ತಡಿ ತಡಿ ಎಂದು ಇಡೀ ಸಮಿತಿಗೆ ಸನ್ನೆ ಮಾಡಿದರು. ಇಡೀ ಸಮಿತಿ ಕಾಯಿತು. ಕೆಮ್ಮು ನಿಂತಿತು. ಮತ್ತೆ ಊದಿದರು.

ನರ್ಸಮ್ಮ ಅಂಕಿ ನೋಡಿದರು. ಇನ್ನೊಮ್ಮೆ ನೋಡಿದರು. ಹೇಳಲು ಅವರಿಗೆ ಮನಸ್ಸು ಬರಲಿಲ್ಲ, ಆದರೂ ಹೇಳಿದರು. ಗೋಡೆಯ ಮೇಲಿನ ಚುಕ್ಕಿಗಿಂತ ಬಹಳ ಕೆಳಗೆ. ಅದನ್ನು ಇಡಬೇಕೆಂದರೆ ಗ್ರಾಫಿನ ಅಡಿಯ ಅಂಚಿಗೇ ಇಡಬೇಕು. ಗೆರೆ ಮೇಡಂ ಕಣ್ಣು ತಾನಾಗಿ ಆ ಜಾಗಕ್ಕೆ ಹೋಯಿತು, ಮತ್ತೆ ತಕ್ಷಣ ಅಲ್ಲಿಂದ ತಿರುಗಿತು. ಕಣ್ಣಲ್ಲಿ ನೀರು ತುಂಬಿ ಗೋಡೆಯೆಲ್ಲ ಮಂಜಾಯಿತು.

ವಕೀಲರು ತಮ್ಮ ಕಾಗದಗಳನ್ನು ಮಡಚಿಟ್ಟರು. ಅವರ ಬಗ್ಗೆಯೂ ಒಂದು ಮಾತು ಹೇಳಬೇಕು. ಭಾವನಿಗೆ ಕುರ್ಚಿ ಎಳೆದುಕೊಟ್ಟವರು ಅವರೇ. ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕಲು ಮರೆತು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಸಮಿತಿಯ ತೀರ್ಮಾನ ಆ ವಾರವೇ ಬಂತು. ಫ್ಯಾನು ಹಾಕಿಸಿ, ಗಾಳಿ ಪರೀಕ್ಷೆ ಮಾಡಿಸುವವರೆಗೆ ಹಿಂಜುವ ಹಾಲು ಮುಚ್ಚಬೇಕು, ಅಲ್ಲಿನವರಿಗೆ ಅಲ್ಲಿಯವರೆಗೆ ಬೇರೆ ವಿಭಾಗದಲ್ಲಿ ಕೆಲಸ ಕೊಡಬೇಕು. ಅಕ್ಕನ ಮಗಳು ನೂಲಿನ ಉಂಡೆ ಕಟ್ಟಿಡುವ ಕಡೆಗೆ ಹೋದಳು. ಸಂಜೆ ಕಪ್ಪು ಹುಬ್ಬಿನಲ್ಲೇ ಮನೆಗೆ ಬಂದ ಮಗಳನ್ನು ನೋಡಿ ಅಕ್ಕ ಸುಮ್ಮಸುಮ್ಮನೆ ಬೈದರು, ಸಂತೋಷಕ್ಕೆ ಏನು ಮಾಡಬೇಕೋ ತೋಚದೆ. ವರದಿ ಮತ್ತೆ ಅಚ್ಚಾಗಬೇಕು, ಚಿತ್ರದ ಕೆಳಗೆ ಬಿಟ್ಟುಹೋದ ಆ ಸಾಲು ಸೇರಬೇಕು ಅಂತಲೂ ಅಧ್ಯಕ್ಷೆ ಬರೆದಿದ್ದರು. ಗೆರೆ ಮೇಡಂ ಮರುಮಾತಿಲ್ಲದೆ ಬರೆದರು. ಅಂದಿನಿಂದ ಅವರ ಕೈಯಿಂದ ಹೋದ ಒಂದೊಂದು ಗ್ರಾಫಿನ ಕೆಳಗೂ ಅಂಥದೊಂದು ಸಾಲು ಇರುತ್ತದೆ. ಯಾವುದನ್ನು ಹಾಸಿದೆ, ಯಾವುದನ್ನು ಬರೆದೆ, ಯಾಕೆ. ಒಲೆ ಹಚ್ಚಿದ್ದು ಹೇಗೆ ಅಂತ ಹೇಳ್ತಿದ್ದೀರಾ ಮೇಡಂ, ಎಂದು ಮೇಷ್ಟ್ರು ಒಂದು ಸಲ ಮಾತ್ರ ಛೇಡಿಸಿದರು. ಹೂಂ, ಹೇಳ್ತಿದ್ದೀನಿ, ಅಂದು ಅವರೂ ನಕ್ಕರು.

ಹೇಗೂ ವರದಿ ಹೊಸದಾಗಿ ಅಚ್ಚಾಗುತ್ತಿದೆ, ನಿಮ್ಮ ಭಾವ ಒಪ್ಪಿದರೆ ನರ್ಸಮ್ಮನಿಂದ ಸರಿಯಾಗಿ ಇನ್ನೊಮ್ಮೆ ಅಳತೆ ತೆಗೆಸಿ, ಅವರ ಈಗಿನ ಉಸಿರನ್ನೂ ಸೇರಿಸಬಹುದು, ಕೇಳಿ ನೋಡಿ, ಅಂತ ಮೇಷ್ಟ್ರು ಹೇಳಿದ್ದರು. ಗೆರೆ ಮೇಡಂಗೆ ಅದನ್ನು ಕೇಳಲು ಬಾಯಿ ಬರಲಿಲ್ಲ. ಕೆಲವು ದಿನ ತಳ್ಳಿದರು. ಒಂದು ಸಂಜೆ ಕೆಳಗೆ ಲೋಟಕ್ಕೆ ಚಮಚ ಬಡಿದ ಸದ್ದಾದಾಗ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದುಹೋದರು. ಭಾವ ಅಂಗಳದ ಕುರ್ಚಿಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಗೆರೆ ಮೇಡಂ ಟೀ ಕುಡಿಯುತ್ತ ವಿಷಯ ಹೇಳಿದರು. ಗ್ರಾಫು ತೆರೆದು, ಬಲಮೂಲೆಯನ್ನು ದೊಡ್ಡದು ಮಾಡಿ, ಅವರ ಮಡಿಲಲ್ಲಿಟ್ಟರು.

ಭಾವ ತಮ್ಮ ಚುಕ್ಕಿಯನ್ನು ನೋಡಿದರು. ಆಮೇಲೆ ತಲೆಯೆತ್ತಿ ಕಬ್ಬಿಣದ ಮೆಟ್ಟಿಲನ್ನು, ಕೆಳಗಿನಿಂದ ಮೇಲಿನವರೆಗೆ, ಒಂದು ಸಲ ನೋಡಿದರು.

"ಹೊಸದು ಬೇಡ ಬಿಡಮ್ಮ. ಇದು ಇಲ್ಲೇ ಇರಲಿ. ಇದನ್ನ ಊದಿದ ದಿನ ನಾನು ಟೀ ಹಿಡ್ಕೊಂಡು ನಿನ್ನ ಮೆಟ್ಟಿಲು ಹತ್ತಿದ್ದೆ."